ಗೊತ್ತಿದ್ದವರು: ಪುಣೆಯ ಒಂದು ಪೂಜೆ ಮತ್ತು ಗಾಂಧಿ ಹತ್ಯೆಯ ಎರಡನೆಯ ತನಿಖೆ

1964ರ ನವೆಂಬರ್ 12ರಂದು ಪುಣೆಯ ಉದ್ಯಾನ ಮಂಗಲ ಕಾರ್ಯಾಲಯದಲ್ಲಿ ಸತ್ಯವಿನಾಯಕ ಪೂಜೆ ನಡೆಯಿತು. ಗಾಂಧಿ ಹತ್ಯೆಯ ಸಂಚಿನಲ್ಲಿ ಜೀವಾವಧಿ ಶಿಕ್ಷೆ ಪಡೆದಿದ್ದ ಗೋಪಾಲ ಗೋಡ್ಸೆ ಮತ್ತು ವಿಷ್ಣು ಕರಕರೆ ಒಂದು ತಿಂಗಳ ಹಿಂದೆ ಬಿಡುಗಡೆಯಾಗಿ ಬಂದಿದ್ದರು. ಅವರನ್ನು ಬರಮಾಡಿಕೊಳ್ಳುವ ಸಮಾರಂಭ ಅದು. ಆಮಂತ್ರಣ ಪತ್ರಿಕೆಯಲ್ಲಿ ಗಾಂಧೀಜಿಯನ್ನು ಕೊಂದ ನಾಥೂರಾಮ ಗೋಡ್ಸೆಯನ್ನು ದೇಶಭಕ್ತ ಎಂದು ಕರೆಯಲಾಗಿತ್ತು. ನೂರಕ್ಕೂ ಹೆಚ್ಚು ಜನ ಸೇರಿದ್ದರು. ಅಧ್ಯಕ್ಷತೆ ವಹಿಸಿದ್ದವರು ಗಜಾನನ ವಿಶ್ವನಾಥ ಕೇತ್ಕರ್. ಅವರು ಲೋಕಮಾನ್ಯ ಟಿಳಕರ ಮಗಳ ಮಗ, ಟಿಳಕರೇ ಕಟ್ಟಿದ 'ಕೇಸರಿ' ಪತ್ರಿಕೆಯ ಮಾಜಿ ಸಂಪಾದಕ.

ಹೂಮಾಲೆ, ಪ್ರಸಾದಗಳ ನಡುವೆ ಎದ್ದು ನಿಂತ ಕೇತ್ಕರ್ ಹೇಳಿದ ಮಾತು ಆ ಮಂಟಪದೊಳಗೆ ಯಾರನ್ನೂ ಬೆಚ್ಚಿಬೀಳಿಸಿದಂತೆ ಕಾಣುವುದಿಲ್ಲ. ಗಾಂಧೀಜಿಯನ್ನು ಕೊಲ್ಲುವ ಯೋಚನೆಯನ್ನು ನಾಥೂರಾಮ ತಮ್ಮ ಮುಂದೆ ಮೊದಲೇ ಹೇಳಿಕೊಂಡಿದ್ದ, ತಾವು ಬೇಡವೆಂದು ವಾದಿಸಿದ್ದಾಗಿ ಅವರು ಹೇಳಿದರು. ಗಾಂಧೀಜಿ 125 ವರ್ಷ ಬದುಕುತ್ತೇನೆ ಎನ್ನುತ್ತಾರೆ, ಆದರೆ ಬದುಕಲು ಬಿಡುವವರು ಯಾರು ಎಂದು ನಾಥೂರಾಮ ಪುಣೆಯ ಸಭೆಯೊಂದರಲ್ಲಿ ಕೇಳಿದ್ದನ್ನೂ ನೆನಪಿಸಿಕೊಂಡರು. ಬಾಳೂಕಾಕಾ ಕಾನಿಟ್ಕರ್ ಅವರ ಮೂಲಕ ಅಂದಿನ ಮುಂಬಯಿ ಸರ್ಕಾರದ ಮುಖ್ಯಸ್ಥ ಬಿ.ಜಿ. ಖೇರ್ ಅವರಿಗೆ ಸುದ್ದಿ ಮುಟ್ಟಿಸಿದ್ದಾಗಿಯೂ ಹೇಳಿದರು.

ಮಾತು ಪತ್ರಿಕೆಗೆ ಬಂದದ್ದೇ ತಡ, ದೇಶವೇ ಕೆರಳಿತು. ಕೊಲೆಗಾರರನ್ನು ಹಿಡಿದಾಗಿತ್ತು, ವಿಚಾರಣೆ ಮುಗಿದಿತ್ತು, ಇಬ್ಬರನ್ನು ಗಲ್ಲಿಗೇರಿಸಿ ಹದಿನೈದು ವರ್ಷವಾಗಿತ್ತು. ಆದರೆ ಕೊಲೆಯ ಸಂಗತಿ ಮೊದಲೇ ಗೊತ್ತಿದ್ದ ಗೌರವಸ್ಥರು ಯಾರು, ಅವರು ಏನು ಮಾಡಿದರು ಎಂಬುದನ್ನು ಅಲ್ಲಿಯವರೆಗೆ ಯಾರೂ ವಿಧಿವತ್ತಾಗಿ ಕೇಳಿರಲಿಲ್ಲ.

ಟಿಳಕರ ನಂತರದ ಪುಣೆ

ಈ ಕಥೆಯ ಬೇರು 1920ರಲ್ಲಿದೆ. ಆ ವರ್ಷದ ಆಗಸ್ಟ್ 1ರಂದು ಟಿಳಕರು ತೀರಿಕೊಂಡರು, ಚಳವಳಿಯ ಚುಕ್ಕಾಣಿ ಗಾಂಧೀಜಿಯ ಕೈಗೆ ಹೋಯಿತು. ಟಿಳಕರ ಶಿಷ್ಯರು ಎರಡು ದಾರಿ ಹಿಡಿದರು. ಪುಣೆಯಲ್ಲಿ ಓದಿ ಟಿಳಕರ ಬಲಗೈಯಂತಿದ್ದ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ಗಾಂಧೀಜಿಯ ಹಿಂದೆ ನಡೆದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವನ್ನು ಬೆಳಗಾವಿಯಲ್ಲಿ ನಡೆಸಿಕೊಟ್ಟರು. 'ಕೇಸರಿ'ಯ ಸಂಪಾದಕರಾಗಿದ್ದ ನರಸಿಂಹ ಚಿಂತಾಮಣಿ ಕೇಳ್ಕರ್ ಮತ್ತು ಅವರ ಸುತ್ತಲಿನ ಪುಣೆಯ ವಲಯಕ್ಕೆ ಅಸಹಕಾರ ಚಳವಳಿ ರುಚಿಸಲಿಲ್ಲ. ಕೇಳ್ಕರ್ ಮುಂದೆ ಹಿಂದೂ ಮಹಾಸಭೆಯ ಅಧ್ಯಕ್ಷರಾದರು. ಗುರು ಒಬ್ಬರೇ, ಊರಿನ ನಂಟೂ ಒಂದೇ. ಆದರೂ ಬೆಳಗಾವಿಯವರು ಒಂದು ಕಡೆ, ಪುಣೆಯವರು ಇನ್ನೊಂದು ಕಡೆ ಆದರು. ಗಾಂಧಿ ವಿರೋಧ ಪುಣೆಯ ಗುಣವೆಂದೋ ಒಂದು ಜಾತಿಯ ಗುಣವೆಂದೋ ಹೇಳಿಬಿಡುವವರು ಗಂಗಾಧರರಾಯರನ್ನು ನೆನೆಯಬೇಕು. ಅದು ಕೆಲವರು ಕಣ್ಣು ತೆರೆದು ಮಾಡಿಕೊಂಡ ಆಯ್ಕೆಯಾಗಿತ್ತು.

ಆ ಆಯ್ಕೆಗೆ ಯುರೋಪಿನಿಂದಲೂ ಗಾಳಿ ಬೀಸುತ್ತಿತ್ತು. 1924ರಿಂದ 1935ರವರೆಗೆ 'ಕೇಸರಿ'ಯಲ್ಲಿ ಇಟಲಿಯ ಬಗ್ಗೆ, ಮುಸೊಲಿನಿಯ ಬಗ್ಗೆ ಮೆಚ್ಚುಗೆಯ ಲೇಖನಗಳು ಮೇಲಿಂದ ಮೇಲೆ ಬಂದವು. ಅಸ್ತವ್ಯಸ್ತ ದೇಶವೊಂದನ್ನು ಒಬ್ಬ ಗಟ್ಟಿ ನಾಯಕ ಶಿಸ್ತಿಗೆ ತಂದ ಎಂಬ ಚಿತ್ರ ಪುಣೆಯ ಓದುಗರ ಮನಸ್ಸಿನಲ್ಲಿ ನಿಂತಿತು. ಹಿಂದೂ ಮಹಾಸಭೆಯ ನಾಯಕ ಬಾಳಕೃಷ್ಣ ಶಿವರಾಮ ಮೂಂಜೆ 1931ರ ಮಾರ್ಚ್ 19ರಂದು ರೋಮ್‌ನಲ್ಲಿ ಮುಸೊಲಿನಿಯನ್ನು ಕಂಡರು. ಹುಡುಗರಿಗೆ ಸೈನಿಕ ತಾಲೀಮು ಕೊಡುವ ಬಾಲಿಲ್ಲಾ ಸಂಘಟನೆಯನ್ನು ನೋಡಿ ಬಂದವರು ನಾಶಿಕದಲ್ಲಿ ಭೋನ್ಸಲಾ ಸೈನಿಕ ಶಾಲೆ ತೆರೆದರು. ಇದರಿಂದ ಇವರೆಲ್ಲ ಕೊಲೆಗಡುಕರಾದರು ಎನ್ನುವುದು ಅನ್ಯಾಯ. ಆದರೆ ಅಹಿಂಸೆಯೆಂದರೆ ಹೇಡಿತನ, ಬಲವೇ ರಾಷ್ಟ್ರದ ಧರ್ಮ ಎಂಬ ನಂಬಿಕೆಗೆ ಓದಿದವರ ನಡುವೆ ಮರ್ಯಾದೆಯ ಪೀಠ ಸಿಕ್ಕಿತು.

ಮಾತು ಕೃತಿಗಿಳಿಯುತ್ತದೆ ಎಂಬ ಸೂಚನೆಯೂ ಬೇಗನೆ ಬಂತು. 1934ರ ಜೂನ್ 25ರಂದು ಹರಿಜನ ಪ್ರವಾಸದಲ್ಲಿದ್ದ ಗಾಂಧೀಜಿ ಪುಣೆಯ ನಗರಸಭೆಯ ಬಿನ್ನವತ್ತಳೆ ಸ್ವೀಕರಿಸಲು ಬರುತ್ತಿದ್ದಾಗ, ಅವರದೆಂದು ತಿಳಿದು ಬೇರೊಂದು ಕಾರಿನ ಮೇಲೆ ಬಾಂಬ್ ಎಸೆದರು. ಹಲವರಿಗೆ ಗಾಯವಾಯಿತು. ಎಸೆದವರು ಸಿಕ್ಕಲೇ ಇಲ್ಲ.

ಒಂದು ಪತ್ರಿಕೆ, ಇಬ್ಬರು ಗೆಳೆಯರು

ನಾಥೂರಾಮ ಗೋಡ್ಸೆ 1910ರ ಮೇ 19ರಂದು ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಹುಟ್ಟಿದವನು. ತಂದೆ ಅಂಚೆ ಇಲಾಖೆಯ ನೌಕರ. ತಂದೆಗೆ ರತ್ನಾಗಿರಿಗೆ ವರ್ಗವಾದಾಗ ಅಲ್ಲಿ ಸರ್ಕಾರದ ನಿರ್ಬಂಧದಲ್ಲಿದ್ದ ವಿನಾಯಕ ದಾಮೋದರ ಸಾವರ್ಕರ್ ಅವರ ಪರಿಚಯವಾಯಿತು. ಮುಂದೆ ಅವನು ಸಾಂಗ್ಲಿಯಲ್ಲಿ ದರ್ಜಿ ಕೆಲಸ ಮಾಡಿದ, ಪುಣೆಗೆ ಬಂದು ಹಿಂದೂ ಮಹಾಸಭೆಯ ಕಾರ್ಯಕರ್ತನಾದ, 1938ರಲ್ಲಿ ನಿಜಾಮನ ವಿರುದ್ಧ ಸತ್ಯಾಗ್ರಹಕ್ಕೆಂದು ಹೈದರಾಬಾದಿಗೆ ಹೋಗಿ ಜೈಲು ಸೇರಿದ. ನಾರಾಯಣ ಆಪ್ಟೆ ಅಹಮದ್‌ನಗರದ ಮಿಷನ್ ಶಾಲೆಯಲ್ಲಿ ಮೇಷ್ಟರಾಗಿದ್ದವನು, ರೈಫಲ್ ಕ್ಲಬ್ ನಡೆಸುತ್ತಿದ್ದವನು. ಇಬ್ಬರೂ ಸೇರಿ 1944ರಲ್ಲಿ ಪುಣೆಯಲ್ಲಿ 'ಅಗ್ರಣಿ' ಪತ್ರಿಕೆ ತೆಗೆದರು. ಸಾವರ್ಕರ್ ಅದಕ್ಕೆ 15,000 ರೂಪಾಯಿ ಮುಂಗಡ ಕೊಟ್ಟರು. ಬರಹ ಉದ್ರೇಕಕಾರಿಯೆಂದು ಸರ್ಕಾರ ಠೇವಣಿ ಕೇಳಿದಾಗ ಪತ್ರಿಕೆಯ ಹೆಸರನ್ನು 'ಹಿಂದೂ ರಾಷ್ಟ್ರ' ಎಂದು ಬದಲಿಸಿ ಮುಂದುವರಿಸಿದರು. ಸಂಪಾದಕ ಗೋಡ್ಸೆ, ಮಾಲೀಕ ಆಪ್ಟೆ. ಈ ಎರಡು ಹೆಸರು ಸರ್ಕಾರದ ಪತ್ರಿಕೆಗಳ ಪಟ್ಟಿಯಲ್ಲೇ ಅಚ್ಚಾಗಿದ್ದವು.

ಸುತ್ತಲಿನವರೂ ಕಾಡಿನಲ್ಲಿ ಅಡಗಿದವರಲ್ಲ. ದಿಗಂಬರ ಬಡ್ಗೆ ಪುಣೆಯಲ್ಲಿ 'ಶಸ್ತ್ರ ಭಂಡಾರ' ಎಂಬ ಅಂಗಡಿ ಇಟ್ಟು ಆಯುಧ ಮಾರುತ್ತಿದ್ದ. ಕರಕರೆ ಅಹಮದ್‌ನಗರದಲ್ಲಿ ವಸತಿಗೃಹ ನಡೆಸುತ್ತಿದ್ದ. ನಾಥೂರಾಮನ ತಮ್ಮ ಗೋಪಾಲ ಖಡಕಿಯ ಸೇನಾ ಉಗ್ರಾಣದಲ್ಲಿ ನೌಕರ. ಬೆಳಿಗ್ಗೆ ಎದ್ದು ಪತ್ರಿಕೆ ತೆಗೆಯುವ, ಅಂಗಡಿ ತೆರೆಯುವ, ಕಚೇರಿಗೆ ಹೋಗುವ ಜನ. ದೇಶವಿಭಜನೆಯ ಹೊತ್ತಿನಲ್ಲಿ ಇವರ ಸಿಟ್ಟಿನ ಮಾತು ಸಭೆಗಳಲ್ಲಿ, ಪತ್ರಿಕೆಯ ಪುಟಗಳಲ್ಲಿ ಎಲ್ಲರ ಕಿವಿಗೂ ಬೀಳುತ್ತಿತ್ತು. ಕೇಳಿ ಕಳವಳಗೊಂಡವರಲ್ಲಿ ಬಾಳೂಕಾಕಾ ಕಾನಿಟ್ಕರ್ ಒಬ್ಬರು. ನಾಯಕರ ಜೀವಕ್ಕೆ ಅಪಾಯವಿದೆ ಎಂದು ಅವರು 1947ರ ಜುಲೈಯಲ್ಲಿ ಖೇರ್ ಅವರಿಗೆ ಪತ್ರ ಬರೆದರು.

ಕೈತಪ್ಪಿದ ಹತ್ತು ದಿನ

1948ರ ಜನವರಿ 20ರಂದು ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನಾ ಸಭೆಯ ಹತ್ತಿರ ಸ್ಫೋಟವಾಯಿತು. ಸ್ಥಳದಲ್ಲೇ ಸಿಕ್ಕಿಬಿದ್ದವನು ಮದನಲಾಲ್ ಪಹ್ವಾ ಎಂಬ ನಿರಾಶ್ರಿತ ಯುವಕ. ಏಳು ಜನರ ತಂಡದಲ್ಲಿ ಉಳಿದ ಆರು ಮಂದಿ ಓಡಿಹೋದರು. ಅವರು ಮತ್ತೆ ಬರುತ್ತಾರೆ ಎಂದು ಪಹ್ವಾ ಪೊಲೀಸರ ಮುಂದೆ ಹೇಳಿದ. ಜೊತೆಗಾರರಲ್ಲಿ ಒಬ್ಬ ಮರಾಠಿ ಪತ್ರಿಕೆಯೊಂದರ ಸಂಪಾದಕನೆಂದೂ ಹೇಳಿದ, ಪತ್ರಿಕೆಯ ಹೆಸರನ್ನು ತುಸು ತಪ್ಪಾಗಿಯಾದರೂ ಕೊಟ್ಟ. ಪುಣೆಯ ಗುಪ್ತಚರ ಪೊಲೀಸರ ಮುಂದೆ ಆ ಹೆಸರಿಟ್ಟಿದ್ದರೆ ಸಂಪಾದಕ ಯಾರೆಂಬುದು ಅಂದೇ ಗೊತ್ತಾಗುತ್ತಿತ್ತು.

ಹೆಸರು ಪುಣೆಗೆ ಹೋಗಲಿಲ್ಲ. ದೆಹಲಿಯಿಂದ ಮುಂಬಯಿಗೆ ಹಾರಿದ ಇಬ್ಬರು ಅಧಿಕಾರಿಗಳು ಪುಣೆಯನ್ನು ಕಾಣದೆ ವಾಪಸಾದರು. ಮುಂಬಯಿಯ ರೂಯಿಯಾ ಕಾಲೇಜಿನ ಪ್ರಾಧ್ಯಾಪಕ ಜೆ.ಸಿ. ಜೈನ್ ಅವರಿಗೆ ಪಹ್ವಾ ಮೊದಲೇ ಬಾಯಿ ಬಿಟ್ಟಿದ್ದ. ಸ್ಫೋಟದ ಮರುದಿನ ಅವರು ಓಡಿಹೋಗಿ ಖೇರ್ ಮತ್ತು ಗೃಹಮಂತ್ರಿ ಮೊರಾರ್ಜಿ ದೇಸಾಯಿ ಇಬ್ಬರಿಗೂ ತಿಳಿಸಿದರು. ಮೊರಾರ್ಜಿ ಅಂದೇ ರಾತ್ರಿ ಪೊಲೀಸ್ ಅಧಿಕಾರಿ ಜಮ್‌ಶೇಡ್ ನಗರವಾಲಾಗೆ ಹೇಳಿದರು. ನಗರವಾಲಾ ಗಾಂಧೀಜಿಯನ್ನು ಅಪಹರಿಸುವ ಸಂಚು ನಡೆದಿದೆ ಎಂಬ ಎಣಿಕೆಯ ಬೆನ್ನು ಹತ್ತಿದರು. ಪುಣೆ ಗುಪ್ತಚರ ವಿಭಾಗದ ಡಿಐಜಿ ಯು.ಎಚ್. ರಾಣಾ ಆಗ ದೆಹಲಿಯಲ್ಲೇ ಇದ್ದರು. ಪಹ್ವಾನ ಹೇಳಿಕೆ ಅವರ ಕೈಗೆ ಬಂತು. ಅದನ್ನು ಹಿಡಿದು ಅವರು ಅಲಹಾಬಾದ್ ಸುತ್ತಿ ರೈಲಿನಲ್ಲಿ ಮುಂಬಯಿ ತಲುಪಿದ್ದು ಜನವರಿ 27ಕ್ಕೆ. ಅದೇ 27ರಂದು ಗೋಡ್ಸೆ ಮತ್ತು ಆಪ್ಟೆ ವಿಮಾನ ಹತ್ತಿ ಮುಂಬಯಿಯಿಂದ ದೆಹಲಿಗೆ ಹೋದರು.

ಅಲ್ಲಿಂದ ಅವರು ಗ್ವಾಲಿಯರ್‌ಗೆ ಹೋಗಿ ಪಿಸ್ತೂಲು ಸಂಪಾದಿಸಿದರು. ಅದು ಇಟಲಿಯಲ್ಲಿ ತಯಾರಾದ ಬೆರೆಟ್ಟಾ, ಸಂಖ್ಯೆ 606824. ಜನವರಿ 30ರ ಸಂಜೆ ಐದು ಗಂಟೆ ದಾಟಿ ಕೆಲವೇ ನಿಮಿಷಕ್ಕೆ, ಪ್ರಾರ್ಥನೆಗೆ ಹೊರಟಿದ್ದ 78 ವರ್ಷದ ಮುದುಕರ ಎದೆಗೆ ಅದರಿಂದ ಮೂರು ಗುಂಡು ಹಾರಿದವು.

ಬೆಂಕಿ ಮುಚ್ಚಿಟ್ಟದ್ದು

ಕೊಂದವನು ಪುಣೆಯ ಚಿತ್ಪಾವನ ಬ್ರಾಹ್ಮಣನೆಂದು ಗೊತ್ತಾದೊಡನೆ ಪುಣೆ, ಸಾತಾರಾ, ಸಾಂಗ್ಲಿ, ಕೊಲ್ಹಾಪುರಗಳಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಕೊಲ್ಹಾಪುರದಲ್ಲಿ ಭಾಲಜಿ ಪೆಂಢಾರಕರ್ ಅವರ ಚಲನಚಿತ್ರ ಸ್ಟುಡಿಯೊ ಸುಟ್ಟುಹೋಯಿತು. ಮುಂಬಯಿಯಲ್ಲಿ ಸಾವರ್ಕರರ ತಮ್ಮ ಡಾ. ನಾರಾಯಣರಾವ್ ಕಲ್ಲೇಟು ತಿಂದರು. ಸಂಚಿಗೂ ತಮಗೂ ಸಂಬಂಧವೇ ಇಲ್ಲದ ಸಾವಿರಾರು ಜನ ಮನೆಮಠ ಕಳೆದುಕೊಂಡರು. ಅಹಿಂಸೆಗಾಗಿ ಪ್ರಾಣ ಕೊಟ್ಟವರ ಹೆಸರಿನಲ್ಲಿ ನಡೆದ ಈ ದಹನ ಇತಿಹಾಸದಲ್ಲಿ ಇನ್ನೊಂದು ಪಾಪವಾಗಿ ಉಳಿದಿದೆ.

ಅದು ಸತ್ಯಕ್ಕೂ ಪೆಟ್ಟು ಕೊಟ್ಟಿತು. ಇಡೀ ಜಾತಿಯೇ ಅಪರಾಧಿ ಎಂದು ಗುಂಪು ತೀರ್ಪು ಕೊಟ್ಟ ಮೇಲೆ, ನಿಜವಾಗಿ ಏನು ಗೊತ್ತಿತ್ತು, ಯಾರಿಗೆ ಗೊತ್ತಿತ್ತು ಎಂದು ಬಿಡಿಬಿಡಿಯಾಗಿ ಕೇಳುವ ದಾರಿ ಮುಚ್ಚಿತು. ತಿಳಿದವರು ಬೆದರಿ ಬಾಯಿ ಕಟ್ಟಿಕೊಂಡರು, ತಿಳಿಯದವರು ನೋವಿನಲ್ಲಿ ಬಾಗಿಲು ಹಾಕಿಕೊಂಡರು. ಮಹಾರಾಷ್ಟ್ರದಲ್ಲಿ ಬೇರೊಂದು ದನಿಯೂ ಇತ್ತು. ತಮ್ಮ ನಾಡಿನವನೊಬ್ಬನ ಕೈಯಿಂದ ಇದು ಆಯಿತೆಂದು ಸಾನೆ ಗುರೂಜಿ 21 ದಿನ ಪ್ರಾಯಶ್ಚಿತ್ತದ ಉಪವಾಸ ಮಾಡಿದರು. ತಾವು ಮಾಡದ ತಪ್ಪಿಗೆ ಅವರು ಹೊಣೆ ಹೊತ್ತರು. ಹೊರಬೇಕಾದವರು ಹೊರಲಿಲ್ಲ.

ಕೆಂಪುಕೋಟೆಯಲ್ಲಿ ನ್ಯಾಯಾಧೀಶ ಆತ್ಮಚರಣ್ ಅವರ ಮುಂದೆ ವಿಚಾರಣೆ ನಡೆಯಿತು. 1949ರ ಫೆಬ್ರವರಿ 10ರ ತೀರ್ಪಿನಲ್ಲಿ ನಾಥೂರಾಮ ಮತ್ತು ಆಪ್ಟೆಗೆ ಗಲ್ಲು, ಐವರಿಗೆ ಜೀವಾವಧಿ. ಬಡ್ಗೆ ಮಾಫಿ ಸಾಕ್ಷಿಯಾಗಿದ್ದ. ಸಾವರ್ಕರರ ವಿರುದ್ಧ ಅವನ ಮಾತಿಗೆ ಬೇರೆ ಆಧಾರ ಒದಗದ ಕಾರಣ ಅವರ ಬಿಡುಗಡೆಯಾಯಿತು. ಜನವರಿ 20ರ ನಂತರ ಪೊಲೀಸರು ಸ್ವಲ್ಪ ಚುರುಕು ತೋರಿದ್ದರೂ ಈ ದುರಂತ ತಪ್ಪುತ್ತಿತ್ತೇನೋ ಎಂದು ನ್ಯಾಯಾಧೀಶರು ನೊಂದು ಬರೆದರು. ಮೇಲ್ಮನವಿಯಲ್ಲಿ ಇಬ್ಬರಿಗೆ ಖುಲಾಸೆ ಸಿಕ್ಕಿತು. ನವೆಂಬರ್ 15ರಂದು ಅಂಬಾಲಾ ಜೈಲಿನಲ್ಲಿ ಗೋಡ್ಸೆ, ಆಪ್ಟೆಯರನ್ನು ಗಲ್ಲಿಗೇರಿಸಿದರು. ನ್ಯಾಯಾಲಯದ ಮಟ್ಟಿಗೆ ಪ್ರಕರಣ ಮುಗಿಯಿತು.

ಯಾರಿಗೆ ಗೊತ್ತಿತ್ತು?

ಅದನ್ನು ಮತ್ತೆ ತೆರೆದದ್ದು ಕೇತ್ಕರರ ಆ ಭಾಷಣ. ಮಹಾರಾಷ್ಟ್ರದ ವಿಧಾನಸಭೆಯಲ್ಲೂ ಸಂಸತ್ತಿನಲ್ಲೂ ಗದ್ದಲವೆದ್ದಿತು. ಕೇತ್ಕರ್ ಬಂಧನವಾಯಿತು. ಗೋಪಾಲ ಗೋಡ್ಸೆಯನ್ನು ಭಾರತ ರಕ್ಷಣಾ ನಿಯಮಗಳಡಿ ಮತ್ತೆ ಹಿಡಿದು ಸುಮಾರು ಒಂದು ವರ್ಷ ಇಟ್ಟರು. 1965ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಗೋಪಾಲ ಸ್ವರೂಪ ಪಾಠಕ್ ಅವರಿಗೆ ತನಿಖೆ ಒಪ್ಪಿಸಿತು. ಮುಂದೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದವರು ಇವರೇ. ಅವರು ಕೇಂದ್ರದಲ್ಲಿ ಮಂತ್ರಿಯಾದ್ದರಿಂದ, 1966ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಜೀವನ್‌ಲಾಲ್ ಕಪೂರ್ ಅವರಿಗೆ ಹೊಣೆ ಬಂತು.

ಆಯೋಗಕ್ಕೆ ಕೊಟ್ಟ ಪ್ರಶ್ನೆಗಳು ಸರಳವಾಗಿದ್ದವು. ಕೊಲೆಯ ಸಂಚು ಕೇತ್ಕರರಿಗೆ ಅಥವಾ ಬೇರೆ ಯಾರಿಗಾದರೂ ಮೊದಲೇ ತಿಳಿದಿತ್ತೇ? ತಿಳಿದವರು ಸರ್ಕಾರಕ್ಕೆ ಹೇಳಿದರೇ? ಹೇಳಿದ್ದರೆ ಸರ್ಕಾರ ಏನು ಮಾಡಿತು? ಕಪೂರ್ ಈ ಮೂರು ಪ್ರಶ್ನೆಗಳನ್ನು ಹಿಡಿದು ದೆಹಲಿ, ಮುಂಬಯಿ, ಪುಣೆ, ನಾಗಪುರ ತಿರುಗಿದರು, ನಮ್ಮ ಧಾರವಾಡಕ್ಕೂ ಬಂದು ಕುಳಿತರು. 162 ದಿನ ಕಲಾಪ ನಡೆಯಿತು, 101 ಸಾಕ್ಷಿಗಳು ಮಾತಾಡಿದರು, 407 ದಾಖಲೆಗಳು ಮುಂದೆ ಬಂದವು. ಅಷ್ಟರಲ್ಲಿ ಉತ್ತರ ಕೊಡಬೇಕಾದ ಮುಖ್ಯರಲ್ಲಿ ಕೆಲವರು ಇರಲೇ ಇಲ್ಲ. ಖೇರ್ 1957ರಲ್ಲಿ, ಸಾವರ್ಕರ್ 1966ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.

1969ರ ಸೆಪ್ಟೆಂಬರ್ ಕೊನೆಗೆ ವರದಿ ಸಿದ್ಧವಾಯಿತು. ಕೇತ್ಕರರಿಗೆ ಮೊದಲೇ ತಿಳಿದಿತ್ತೆಂದು ಆಯೋಗ ಕಂಡುಕೊಂಡಿತು. ಪೊಲೀಸರ ಮೇಲೆ ಅದು ಕಟುವಾಗಿ ಬರೆಯಿತು. ಹತ್ತು ದಿನಗಳಲ್ಲಿ ದೆಹಲಿ, ಮುಂಬಯಿ, ಪುಣೆಗಳ ನಡುವೆ ಮಾಹಿತಿ ಹರಿಯದೆ ನಿಂತದ್ದನ್ನು ಒಂದೊಂದಾಗಿ ಬಿಡಿಸಿಟ್ಟಿತು. ಸಾವರ್ಕರರ ಅಂಗರಕ್ಷಕ ಅಪ್ಪಾ ಕಾಸಾರ್ ಮತ್ತು ಕಾರ್ಯದರ್ಶಿ ಗಜಾನನ ದಾಮ್ಲೆ 1948ರಲ್ಲಿ ಪೊಲೀಸರಿಗೆ ಕೊಟ್ಟ, ಕೆಂಪುಕೋಟೆಯ ವಿಚಾರಣೆಯಲ್ಲಿ ಮುಂದೆ ಬಾರದಿದ್ದ ಹೇಳಿಕೆಗಳನ್ನೂ ಪರಿಶೀಲಿಸಿತು. ಜನವರಿಯಲ್ಲಿ ಗೋಡ್ಸೆ ಮತ್ತು ಆಪ್ಟೆ ಸಾವರ್ಕರರನ್ನು ಕಂಡಿದ್ದರೆಂದು ಅವುಗಳಲ್ಲಿತ್ತು. ಎಲ್ಲ ಸಂಗತಿಗಳನ್ನು ಒಟ್ಟಿಗೆ ನೋಡಿದರೆ ಇದು ಸಾವರ್ಕರ್ ಮತ್ತು ಅವರ ಗುಂಪಿನ ಸಂಚು ಎಂಬುದನ್ನು ಬಿಟ್ಟು ಬೇರೆ ತರ್ಕ ನಿಲ್ಲುವುದಿಲ್ಲ ಎಂಬ ಅಭಿಪ್ರಾಯಕ್ಕೆ ಕಪೂರ್ ಬಂದರು. ಆಯೋಗ ನ್ಯಾಯಾಲಯವಲ್ಲ, ಅದರ ಮಾತಿನಿಂದ ಖುಲಾಸೆ ರದ್ದಾಗುವುದಿಲ್ಲ, ಸತ್ತವರಿಗೆ ಉತ್ತರ ಕೊಡುವ ಅವಕಾಶವೂ ಇರಲಿಲ್ಲ. ಇದನ್ನು ಹೇಳದೆ ಆ ವರದಿಯನ್ನು ಉಲ್ಲೇಖಿಸುವುದು ಸರಿಯಲ್ಲ, ವರದಿಯನ್ನೇ ಮರೆಮಾಡಿ ಖುಲಾಸೆಯನ್ನು ಮಾತ್ರ ಹೇಳುವುದೂ ಸರಿಯಲ್ಲ.

ಗೋಪಾಲ ಗೋಡ್ಸೆ ಪುಣೆಯಲ್ಲೇ ಉಳಿದ. 'ಗಾಂಧೀಹತ್ಯಾ ಆಣಿ ಮೀ' ಎಂಬ ಪುಸ್ತಕ ಬರೆದ. ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು, ಬಾಂಬೆ ಹೈಕೋರ್ಟ್ 1969ರಲ್ಲಿ ಆ ಆದೇಶವನ್ನು ತಳ್ಳಿಹಾಕಿತು. ತಾನು ಕೊಲ್ಲಲು ಹೊರಟ ಮನುಷ್ಯ ಕಟ್ಟಿದ ಗಣರಾಜ್ಯದ ಕಾನೂನು ಅವನ ಬರೆಯುವ ಹಕ್ಕನ್ನು ಕಾಪಾಡಿತು. ಜೋಯಿಡಾ ತಾಲೂಕಿನ ಜಗಲಬೇಟದಲ್ಲಿ ಬದುಕಿದ ಕಾದಂಬರಿಕಾರ ಮನೋಹರ ಮಳಗಾಂವಕರ್ ಈ ಸಂಚಿನಲ್ಲಿ ಬದುಕುಳಿದವರನ್ನು ಮಾತಾಡಿಸಿ 1978ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಗೋಪಾಲ ಕಡೆಯವರೆಗೂ ಪಶ್ಚಾತ್ತಾಪ ಪಡಲಿಲ್ಲ. ಪ್ರತಿ ನವೆಂಬರ್ 15ಕ್ಕೆ ನಾಥೂರಾಮನ ಚಿತಾಭಸ್ಮದ ಮುಂದೆ ಪುಣೆಯಲ್ಲಿ ಜನ ಸೇರುವ ರೂಢಿ ಬೆಳೆಯಿತು. 2005ರ ನವೆಂಬರ್ 26ರಂದು ಗೋಪಾಲ ಅಲ್ಲೇ ತೀರಿಕೊಂಡ.

ಇಟಲಿಯೂ ಇದನ್ನು ಕಂಡಿದೆ

ಅದೇ ಕಾಲದ ಇಟಲಿಯನ್ನು ಪಕ್ಕದಲ್ಲಿಟ್ಟರೆ ಪುಣೆಯ ಕಥೆ ಇನ್ನಷ್ಟು ತಿಳಿಯಾಗುತ್ತದೆ. ಮುಸೊಲಿನಿ ಸತ್ತು ಎರಡು ವರ್ಷವಾಗುವ ಮೊದಲೇ, 1946ರ ಡಿಸೆಂಬರ್ 26ರಂದು, ಅವನ ಅನುಯಾಯಿಗಳು 'ಇಟಾಲಿಯನ್ ಸಾಮಾಜಿಕ ಚಳವಳಿ' ಎಂಬ ಪಕ್ಷ ಕಟ್ಟಿದರು. ಅದರ ನಾಯಕ ಜಾರ್ಜಿಯೊ ಅಲ್ಮಿರಾಂತೆ ಫ್ಯಾಸಿಸ್ಟ್ ಕಾಲದಲ್ಲಿ ಜನಾಂಗದ್ವೇಷದ ಪತ್ರಿಕೆಯಲ್ಲಿ ದುಡಿದವನು, ಮುಸೊಲಿನಿಯ ಕೊನೆಯ ಸರ್ಕಾರದಲ್ಲಿ ಅಧಿಕಾರಿಯಾಗಿದ್ದವನು. 1948ರ ಜನವರಿ 1ರಂದು ಜಾರಿಗೆ ಬಂದ ಸಂವಿಧಾನ ಫ್ಯಾಸಿಸ್ಟ್ ಪಕ್ಷದ ಪುನರ್ರಚನೆಯನ್ನು ನಿಷೇಧಿಸಿತ್ತು. ಆದರೂ ಅದೇ ವರ್ಷದ ಚುನಾವಣೆಯಲ್ಲಿ ಹೊಸ ಪಕ್ಷ ಕೆಳಮನೆಯಲ್ಲಿ ಆರು ಸ್ಥಾನ ಗೆದ್ದಿತು, ಅಲ್ಮಿರಾಂತೆ ಸಂಸದನಾದ. 1988ರಲ್ಲಿ ಸಾಯುವವರೆಗೆ ಅವನು ಸಂಸತ್ತಿನ ಗೌರವದ ಉಡುಪಿನಲ್ಲೇ ಇದ್ದ. 1957ರಲ್ಲಿ ಮುಸೊಲಿನಿಯ ಶವ ಹುಟ್ಟೂರು ಪ್ರೆದಾಪ್ಪಿಯೊಗೆ ಮರಳಿತು, ಆ ಗೋರಿ ಅಭಿಮಾನಿಗಳಿಗೆ ಯಾತ್ರಾಸ್ಥಳವಾಯಿತು. ನಮ್ಮಲ್ಲಿ ಹಿಂದೂ ಮಹಾಸಭೆ ಮೊದಲ ಲೋಕಸಭಾ ಚುನಾವಣೆಯಲ್ಲಿ ಗೆದ್ದದ್ದು ನಾಲ್ಕೇ ಸ್ಥಾನ. ಮತಪೆಟ್ಟಿಗೆಯ ಲೆಕ್ಕದಲ್ಲಿ ಎರಡೂ ಸಣ್ಣವು. ಅವುಗಳ ಬಲ ಇದ್ದದ್ದು ಮನೆಗಳ ಪಡಸಾಲೆಯಲ್ಲಿ, ಸಂಪಾದಕರ ಕೊಠಡಿಯಲ್ಲಿ, ನೆನಪಿನ ಸಭೆಗಳಲ್ಲಿ.

ಹೀಗಾಗಿಯೇ ನಿಷೇಧಗಳು ಅರ್ಧ ಕೆಲಸವನ್ನಷ್ಟೇ ಮಾಡುತ್ತವೆ. ಕೊಲೆಗಾರನನ್ನು ಶಿಕ್ಷಿಸಲು ಕಾನೂನಿದೆ. ಕೊಲೆಯ ಮಾತನ್ನು ಕಿವಿಯಾರೆ ಕೇಳಿ, ಹುಡುಗನ ಆವೇಶ ಎಂದುಕೊಂಡು, ನಮ್ಮವನಲ್ಲವೇ ಎಂದುಕೊಂಡು, ದ್ವೇಷದಲ್ಲಿ ಅರ್ಧ ಒಪ್ಪಿ ಕೃತ್ಯವನ್ನು ಮಾತ್ರ ಒಪ್ಪದೆ ಮನೆಗೆ ಹೋಗಿ ಮಲಗಿದವನಿಗೆ ಯಾವ ಶಿಕ್ಷೆಯಿದೆ? ಕೇತ್ಕರ್ ಕೊಲೆಗಾರರಲ್ಲ, ವಿದ್ವಾಂಸರು, ದೊಡ್ಡ ಮನೆತನದವರು. ಅವರು ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ಹೆಸರು ಹಿಡಿದು ಹೇಳಿದ್ದರೆ ಅವರ ಮಾತನ್ನು ಯಾರೂ ತಳ್ಳಿಹಾಕುತ್ತಿರಲಿಲ್ಲ. ಅದನ್ನು ಮಾಡದವರು ಹದಿನಾರು ವರ್ಷದ ನಂತರ ಹೆಮ್ಮೆಯಿಂದ ಹೇಳಿಕೊಂಡರು.

ಮುಂಬಯಿಯ ಪ್ರಾಧ್ಯಾಪಕ ಜೈನ್ ಅವರೂ ತಡವಾಗಿಯೇ ಹೋದರು, ಆದರೆ ಹೋದರು. ಕಾನಿಟ್ಕರ್ ಪತ್ರ ಬರೆದರು. ಇವರಿಬ್ಬರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ, ಕೊಂದವನ ಹೆಸರು ಎಲ್ಲರಿಗೂ ಬರುತ್ತದೆ. ಕಪೂರ್ ವರದಿಯ ಬೆಲೆ ಇರುವುದು ಇಲ್ಲಿ. ಒಂದು ರಾಜಕೀಯ ಕೊಲೆಯಲ್ಲಿ ಪಿಸ್ತೂಲು ಹಿಡಿದವನ ಆಚೆಗೆ ಕೇಳಿಸಿಕೊಂಡವರ ಒಂದು ಸಮಾಜವೂ ಇರುತ್ತದೆ ಎಂದು ಅದು ದಾಖಲೆ ಸಮೇತ ತೋರಿಸಿತು. ಮನುಷ್ಯನೊಬ್ಬ ಬದುಕಲು ಅರ್ಹನಲ್ಲ ಎಂಬ ಮಾತು ನಮ್ಮ ಮನೆಯಲ್ಲಿ, ಗೆಳೆಯರ ಬಳಗದಲ್ಲಿ, ಫೋನಿನ ಗುಂಪುಗಳಲ್ಲಿ ಬಂದಾಗ ಅಲ್ಲೇ ಎದುರಾಡುವುದು, ಅದು ಸಂಚಿನ ರೂಪ ತಾಳಿದರೆ ಹೆಸರಿಟ್ಟು ಹೇಳುವುದು ಪ್ರಜೆಯ ಕರ್ತವ್ಯ. ಪುಣೆಯಲ್ಲಿ 1947ರಲ್ಲಿ ಹತ್ತು ಜನ ಗೌರವಸ್ಥರು ಅಷ್ಟು ಮಾಡಿದ್ದರೆ ಸಾಕಿತ್ತು.